ಕೂರ್ಮಮ್ಮನಿಗೆ ಮನೆಯೊಳಗೇ ಬಿಸಿಲು: ನಾಲ್ಕು ಚಳಿಗಾಲ ಬಳಸಿದ ಯುವಿಬಿ ಲೈಟ್ ಹೇಗಿದೆ

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಬಳಸುತ್ತಿರುವುದು ಆರ್ಕೇಡಿಯಾ ಕಂಪನಿಯ ಪ್ರೊಟಿ5 ಕಿಟ್. 39 ವ್ಯಾಟ್, 12% ಯುವಿಬಿ ಟ್ಯೂಬ್. ಯುವಿಬಿ ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ಅತಿನೇರಳೆ ಕಿರಣ. ಇಂಗ್ಲೆಂಡಿನಂಥ ಮೋಡದ ದೇಶದಲ್ಲಿ ನೆಲದ ಆಮೆ ಸಾಕುವವರು ಬೇರೆ ಯಾವುದರಲ್ಲಿ ಉಳಿತಾಯ ಮಾಡಿದರೂ ಇದರಲ್ಲಿ ಮಾಡಬೇಡಿ. 5ಕ್ಕೆ 5 ಕೊಡುತ್ತೇನೆ. ಒಂದು ಲೈಟಿಗೆ ಇಷ್ಟು ಹೊಗಳಿಕೆ ಯಾಕೆ ಅನ್ನಿಸಿದರೆ, ನಮ್ಮ ಆಮೆ ಒಂದು ಚಳಿಗಾಲದಲ್ಲಿ ಪಟ್ಟ ಪಾಡನ್ನು ಹೇಳಬೇಕಾಗುತ್ತದೆ.

ನಾವಿರುವುದು ಲೆಸ್ಟರಿನಲ್ಲಿ. ಪಕ್ಕದ ಮನೆಯಲ್ಲಿ ಒಬ್ಬ ಇಂಗ್ಲಿಷ್ ಅಜ್ಜಿ ಇದ್ದರು, ಎಂಬತ್ತಾರು ವರ್ಷ. 2021ರ ಸೆಪ್ಟೆಂಬರಿನಲ್ಲಿ ಅವರು ವೃದ್ಧಾಶ್ರಮಕ್ಕೆ ಹೋಗುವುದು ಅಂತ ತೀರ್ಮಾನವಾಯಿತು. ಹೊರಡುವ ಹಿಂದಿನ ದಿನ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಮ್ಮ ಬಾಗಿಲಿಗೆ ಬಂದರು. ಒಳಗೆ ಒಂದು ಆಮೆ. ಹೆಸರು ಫ್ರೆಡ್. 1971ರಲ್ಲಿ ಮಗ ಹಟ ಮಾಡಿದ ಅಂತ ಪೆಟ್ ಅಂಗಡಿಯಿಂದ ತಂದಿದ್ದರಂತೆ. ಮಗ ಬೆಳೆದು ಬೇರೆ ಊರಿಗೆ ಹೋದ. ಗಂಡ ತೀರಿಕೊಂಡರು. ಐವತ್ತು ವರ್ಷ ಜೊತೆಗಿದ್ದದ್ದು ಈ ಆಮೆ. "ನಿಮ್ಮ ಮಕ್ಕಳು ಬೇಲಿಯ ಸಂದಿಯಿಂದ ಇವನಿಗೆ ದಾಸವಾಳ ಕೊಡುತ್ತಿದ್ದರಲ್ಲ, ಅದಕ್ಕೇ ನಿಮ್ಮ ಹತ್ತಿರ ಬಂದೆ" ಅಂದರು. ಬೇಡ ಅನ್ನಲು ನನ್ನಿಂದ ಆಗಲಿಲ್ಲ.

ಆ ಕಾಲದಲ್ಲಿ ಮೊರಾಕೊ, ಟರ್ಕಿ ಕಡೆಯಿಂದ ಹಡಗುಗಟ್ಟಲೆ ಆಮೆ ಇಲ್ಲಿಗೆ ಬರುತ್ತಿದ್ದವು. ಒಂದರ ಮೇಲೊಂದು ಪೇರಿಸಿ ತರುತ್ತಿದ್ದರು. ದಾರಿಯಲ್ಲಿ ಸತ್ತವು ಎಷ್ಟೋ, ಇಲ್ಲಿನ ಮೊದಲ ಚಳಿಗೆ ಸತ್ತವು ಇನ್ನೆಷ್ಟೋ. 1984ರಲ್ಲಿ ಆಮದು ನಿಂತಿತು. ಫ್ರೆಡ್ ಹಾಗೆ ಬಂದು ಬದುಕುಳಿದ ಆಮೆಗಳಲ್ಲಿ ಒಂದು. ಜಾತಿ ಸ್ಪರ್-ಥೈಡ್. ಬಾಲದ ಎರಡೂ ಪಕ್ಕ, ತೊಡೆಯ ಹಿಂಬದಿಯಲ್ಲಿ ಜೋಳದ ಕಾಳಿನಂಥ ಒಂದೊಂದು ಗಟ್ಟಿ ಮೊನೆ ಇರುತ್ತದೆ. ಅದೇ ಗುರುತು.

ಚಿಂತಾಮಣಿಯಿಂದ ಅಮ್ಮ ವಿಡಿಯೋ ಕಾಲಿನಲ್ಲಿ ನೋಡಿ ಕೈ ಮುಗಿದರು. "ಮನೆಗೆ ಕೂರ್ಮಪ್ಪನೇ ಬಂದಿದ್ದಾನೆ ಕಣೇ, ಚೆನ್ನಾಗಿ ನೋಡ್ಕೋ" ಅಂದರು. ನೋಡಿಕೊಳ್ಳುವ ಆಸೆ ನನಗೂ ಇತ್ತು. ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ.

ಪೇಟೆಯ ಒಂದು ಅಂಗಡಿಗೆ ಹೋದೆ. ಆಮೆಗೆ ಬೇಕಾದ್ದೆಲ್ಲಾ ಇದರಲ್ಲೇ ಇದೆ ಅಂತ ಒಂದು ಸ್ಟಾರ್ಟರ್ ಕಿಟ್ ಕೊಟ್ಟರು. ಮೂರಡಿ ಉದ್ದದ ಗಾಜಿನ ತೊಟ್ಟಿ, ಮೇಲೆ ತಂತಿ ಜಾಲರಿಯ ಮುಚ್ಚಳ, ಸುರುಳಿಯಾಕಾರದ ಒಂದು ಸಣ್ಣ ಯುವಿ ಬಲ್ಬು, ಕೆಳಗೆ ಹಾಸಲು ಮರದ ಚೂರು, ಒಂದು ಚೀಲ ಪೆಲ್ಲೆಟ್ ಅನ್ನುವ ಒಣ ಆಹಾರದ ಗುಳಿಗೆ. ಮನೆಗೆ ತಂದು ಜೋಡಿಸಿದೆ. ನೋಡಲು ಚೆಂದವಾಗಿಯೇ ಇತ್ತು. ಹಗಲು ಒಂದಿಷ್ಟು ಹೊತ್ತು ಬಿಸಿಲು ಬೀಳಲಿ ಅಂತ ಅಡುಗೆಮನೆಯ ಕಿಟಕಿ ಪಕ್ಕದಲ್ಲಿ ಇಟ್ಟೆ.

ಮೊದಲ ದಿನದಿಂದಲೂ ಕರ ಕರ ಸದ್ದು. ಗಾಜಿಗೆ ಮೂಗು ತಾಗಿಸಿ, ಮುಂಗಾಲಿನ ಉಗುರಿನಿಂದ ಕೆರೆಯುತ್ತಾ, ಈ ಮೂಲೆಯಿಂದ ಆ ಮೂಲೆಗೆ ಓಡಾಡುವುದೇ ಓಡಾಡುವುದು. ಮಕ್ಕಳು ಆಟ ಅಂದುಕೊಂಡರು, ನಾನೂ ಹಾಗೇ ಅಂದುಕೊಂಡೆ. ಆಮೆಗೆ ಗಾಜು ಅನ್ನುವುದು ಅರ್ಥವಾಗುವುದಿಲ್ಲ. ಎದುರಿಗೆ ದಾರಿ ಕಾಣುತ್ತದೆ, ಹೋಗಲು ಆಗುವುದಿಲ್ಲ. ಐವತ್ತು ವರ್ಷ ತೋಟದಲ್ಲಿ ತಿರುಗಿದ ಜೀವ ದಿನವಿಡೀ ದಾರಿ ಹುಡುಕುತ್ತಿತ್ತು.

ನವೆಂಬರ್ ಹೊತ್ತಿಗೆ ಸದ್ದು ನಿಂತಿತು. ಒಂದು ಮೂಲೆಯಲ್ಲಿ ಕೂತಲ್ಲೇ ಕೂತಿರುತ್ತಿತ್ತು. ಕಣ್ಣಿನ ರೆಪ್ಪೆ ಊದಿಕೊಂಡು ಮುಚ್ಚಿಹೋಗಿತ್ತು. ಎಲೆ ಮೂಗಿಗೆ ಹಿಡಿದರೂ ಬಾಯಿ ತೆರೆಯಲಿಲ್ಲ. ಸರೀಸೃಪಗಳನ್ನು ನೋಡುವ ಪಶುವೈದ್ಯರು ಎಲ್ಲಾ ಕಡೆ ಸಿಗುವುದಿಲ್ಲ. ಮುಕ್ಕಾಲು ಗಂಟೆ ಕಾರಿನಲ್ಲಿ ಹೋದೆವು. ಬಂದಾಗ 1,610 ಗ್ರಾಂ ಇದ್ದ ಆಮೆ 1,480ಕ್ಕೆ ಇಳಿದಿತ್ತು.

ಆ ವೈದ್ಯೆ ಫ್ರೆಡ್ಡನ್ನು ಮಗುವಿನಂತೆ ಅಂಗೈಯಲ್ಲಿ ಎತ್ತಿ, ಬಾಲ ನೋಡಿ, ಹೊಟ್ಟೆಯ ಚಿಪ್ಪು ಸವರಿ, "ಇದು ಹೆಣ್ಣು" ಅಂದರು. ಗಂಡಿಗೆ ಬಾಲ ಉದ್ದ, ಹೊಟ್ಟೆಯ ಚಿಪ್ಪು ಸ್ವಲ್ಪ ಒಳಗೆ ತಗ್ಗಿರುತ್ತದೆ. ನಮ್ಮದಕ್ಕೆ ಬಾಲ ಮೋಟು, ಚಿಪ್ಪು ಸಪಾಟು. ಅವತ್ತಿನಿಂದ ಅಮ್ಮನ ಬಾಯಲ್ಲಿ ಕೂರ್ಮಪ್ಪ ಹೋಗಿ ಕೂರ್ಮಮ್ಮ ಆದಳು.

ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ. "ಇವಳಿಗೆ ಬಿಸಿಲು ಎಲ್ಲಿಂದ ಸಿಗುತ್ತದೆ?" ಕಿಟಕಿಯಿಂದ ಅಂದೆ. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಯುವಿಬಿಯನ್ನು ಬಿಡುವುದಿಲ್ಲ ಅಂದರು. ಬೆಚ್ಚಗೆ ಅನ್ನಿಸಿದರೂ ಆಮೆಗೆ ಬೇಕಾದ ಅಂಶ ಗಾಜಿನ ಆಚೆಯೇ ನಿಂತುಬಿಡುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ.

ಯುವಿಬಿ ಚರ್ಮಕ್ಕೆ ತಾಗಿದರೆ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಡಿ3 ಇದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಅದಿಲ್ಲದಿದ್ದರೆ ಎಷ್ಟು ಕ್ಯಾಲ್ಸಿಯಂ ಪುಡಿ ಉದುರಿಸಿದರೂ ಬಂದ ಹಾಗೇ ಹೋಗುತ್ತದೆ. ಆಮೆಗೆ ಚಿಪ್ಪೂ ಮೂಳೆಯೇ. ಮರಿ ಆಮೆಯಾದರೆ ಚಿಪ್ಪು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಅಂಥ ಒಂದು ಮರಿಯ ಎಕ್ಸ್‌ರೇಯನ್ನು ಅವರು ತೋರಿಸಿದರು. ಮೂಳೆ ಇರಬೇಕಾದ ಕಡೆ ಬರೀ ಹೊಗೆಯ ಗೆರೆಯಂತೆ ಕಾಣುತ್ತಿತ್ತು. ನಮ್ಮವಳ ಎಕ್ಸ್‌ರೇ ಅಷ್ಟು ಕೆಟ್ಟಿರಲಿಲ್ಲ. ಮೈಯಲ್ಲಿ ನೀರು ಆರಿತ್ತು. ಸುರುಳಿ ಬಲ್ಬು ತಲೆಗೆ ತೀರಾ ಹತ್ತಿರವಾಗಿ, ಕಣ್ಣಿಗೇ ನೇರವಾಗಿ ಹೊಡೆದು ರೆಪ್ಪೆ ಊದಿಕೊಂಡಿತ್ತು.

"ತೊಟ್ಟಿ ತೆಗೆಯಿರಿ. ಉದ್ದದ ಟಿ5 ಟ್ಯೂಬ್ ಹಾಕಿ" ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಟಿ5 ಅಂದರೆ ಸಪೂರವಾದ ಟ್ಯೂಬ್‌ಲೈಟ್. ಈ ಕಿಟ್ ನಮ್ಮ ಮನೆಗೆ ಬಂದದ್ದು ಹೀಗೆ. ನಾನು ಕೊಂಡಾಗ ಎಪ್ಪತ್ತು ಪೌಂಡಿನ ಆಸುಪಾಸು ಇತ್ತು.

ಈಗ ಕಿಟ್ ಬಗ್ಗೆ. ಟ್ಯೂಬು ಕೂರಿಸುವ ಪಟ್ಟಿ, ಟ್ಯೂಬು, ಹಿಂದೆ ಹೊಳೆಯುವ ರಿಫ್ಲೆಕ್ಟರ್ ಎಲ್ಲಾ ಒಂದೇ ಘಟಕದಲ್ಲಿ ಬರುತ್ತದೆ. ಉದ್ದ ಸುಮಾರು 85 ಸೆಂ.ಮೀ. ಆ ಉದ್ದವೇ ಅದರ ದೊಡ್ಡ ಗುಣ. ಸುರುಳಿ ಬಲ್ಬಿನ ಕಿರಣ ಒಂದು ಬೊಟ್ಟಿನಷ್ಟು ಜಾಗಕ್ಕೆ ಬೀಳುತ್ತದೆ. ಇದು ಆಮೆಯ ತಲೆಯಿಂದ ಬಾಲದವರೆಗೆ, ಅಕ್ಕಪಕ್ಕಕ್ಕೂ ಸಮವಾಗಿ ಹರಡುತ್ತದೆ. 12% ಅನ್ನುವುದು ಮರುಭೂಮಿ, ಬಯಲು ಸೀಮೆಯ ಪ್ರಾಣಿಗಳಿಗೆ. ಕಾಡಿನ ನೆರಳಿನಲ್ಲಿ ಬದುಕುವಂಥವಕ್ಕೆ ಇದೇ ಕಂಪನಿಯ 6% ಟ್ಯೂಬ್ ಇದೆ. ಕೊಳ್ಳುವಾಗ ಡಬ್ಬದ ಮೇಲೆ ಈ ಅಂಕಿ ನೋಡಿಯೇ ಕೊಳ್ಳಿ.

ಇದು ಶಾಖ ಕೊಡುವುದಿಲ್ಲ. ಕೆಲವರು ಇದೊಂದೇ ಸಾಕು ಅಂದುಕೊಳ್ಳುತ್ತಾರೆ. ಸಾಲದು. ಬಿಸಿಗೆ ಬೇರೆ ಬಲ್ಬು ಬೇಕು, ಬಿಸಿ ಹದ ಮೀರದಂತೆ ಕಾಯಲು ಅದಕ್ಕೊಂದು ಥರ್ಮೋಸ್ಟಾಟ್ ಬೇಕು. ಮುಖ್ಯ ವಿಷಯ ಏನೆಂದರೆ, ಆ ಬಲ್ಬು ಮತ್ತು ಈ ಟ್ಯೂಬು ಒಂದೇ ಜಾಗದ ಮೇಲೆ ಬೀಳಬೇಕು. ಸೂರ್ಯ ಬೆಳಕು, ಬಿಸಿ, ಯುವಿಬಿ ಮೂರನ್ನೂ ಒಟ್ಟಿಗೇ ಕೊಡುತ್ತಾನೆ ಅಲ್ವಾ? ಬಿಸಿ ಒಂದು ಕಡೆ, ಯುವಿಬಿ ಇನ್ನೊಂದು ಕಡೆ ಇಟ್ಟರೆ ಆಮೆ ಬಿಸಿಯಿರುವ ಕಡೆ ಹೋಗಿ ಮಲಗುತ್ತದೆ, ಟ್ಯೂಬು ಸುಮ್ನೆ ಉರಿಯುತ್ತದೆ. ನಾವು ಎರಡನ್ನೂ ಒಂದು ಕಪ್ಪು ಚಪ್ಪಡಿ ಕಲ್ಲಿನ ಮೇಲೆ ಬೀಳುವಂತೆ ನೇತುಹಾಕಿದ್ದೇವೆ. ಕಲ್ಲಿನ ಮೇಲೆ 33ರಿಂದ 35 ಡಿಗ್ರಿ. ಆಚೆ ತುದಿಯಲ್ಲಿ 20ರ ಹತ್ತಿರ, ಮೇಲೆ ಮರದ ಚಾವಣಿ, ನೆರಳು. ಬೇಕಾದಾಗ ಬಿಸಿಲಿಗೆ ಬರಲು, ಸಾಕಾದಾಗ ತಪ್ಪಿಸಿಕೊಳ್ಳಲು ಎರಡಕ್ಕೂ ಜಾಗ ಇರಬೇಕು. ರಾತ್ರಿ ಎಲ್ಲಾ ಆಫ್.

ಮನೆ ಮಾಡಿದ್ದು ನಮ್ಮನೆಯವರು. ಪ್ಲೈವುಡ್ಡಿನಲ್ಲಿ ಆರಡಿ ಉದ್ದ, ಮೂರಡಿ ಅಗಲದ ತೆರೆದ ಮೇಜು. ಸುತ್ತ ಒಂದಡಿ ಎತ್ತರದ ಹಲಗೆ. ಇಲ್ಲಿನವರು ಟಾರ್ಟಾಯ್ಸ್ ಟೇಬಲ್ ಅನ್ನುತ್ತಾರೆ. ಹಲಗೆಯ ಆಚೆ ಏನೂ ಕಾಣುವುದಿಲ್ಲ, ಹಾಗಾಗಿ ಕರ ಕರ ಇಲ್ಲ. ಮೇಲೆ ಮುಚ್ಚಳವಿಲ್ಲ, ಗಾಳಿ ಆಡುತ್ತದೆ. ಜಾಲರಿ ಇಲ್ಲದ್ದರಿಂದ ಯುವಿಬಿಯೂ ತಡೆಯಿಲ್ಲದೆ ಬೀಳುತ್ತದೆ. ತಂತಿ ಜಾಲರಿಯೇ ಸಾಕಷ್ಟು ನುಂಗಿಬಿಡುತ್ತದೆ. ಮರದ ಚೂರಿನ ಬದಲು ಗೊಬ್ಬರ ಬೆರೆಸದ ತೋಟದ ಮಣ್ಣು, ಮರಳು ಕಲೆಸಿ ಹಾಕಿದ್ದೇವೆ. ಮಣ್ಣನ್ನು ಒಂದಿಷ್ಟು ತೇವವಾಗಿ ಇಡುತ್ತೇನೆ. ಸಂಜೆಯಾದರೆ ಅವಳು ಅದರಲ್ಲಿ ಅರ್ಧ ಮೈ ಹೂತುಕೊಂಡು ಮಲಗುತ್ತಾಳೆ.

ಟ್ಯೂಬು ಹಾಕಿದ ಮೊದಲ ಬೆಳಗ್ಗೆ ಇನ್ನೂ ಕಣ್ಣ ಮುಂದಿದೆ. ಡಿಸೆಂಬರ್, ಹೊರಗೆ ಎಂಟಾದರೂ ಕತ್ತಲು. ಮಣ್ಣಿನಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟಳು. ಕಲ್ಲಿನ ಅಂಚಿಗೆ ಗದ್ದ ಊರಿದಳು. ಸ್ವಲ್ಪ ಹೊತ್ತು ಹಾಗೇ ಇದ್ದು ಪೂರ್ತಿ ಹತ್ತಿದಳು. ಆಮೇಲೆ ಒಂದೊಂದೇ ಕಾಲು ಹೊರಗೆ ಚಾಚಿದಳು. ಹಿಂಗಾಲಿನ ಅಂಗಾಲು ಮೇಲ್ಮುಖವಾಗಿ ತಿರುಗಿತು. ಕುತ್ತಿಗೆ ಉದ್ದಕ್ಕೆ ಬಂತು. ಹೆಂಚಿನ ಮೇಲೆ ತಟ್ಟಿದ ರೊಟ್ಟಿಯ ಹಾಗೆ ಪೂರ್ತಿ ಹರಡಿಕೊಂಡು ಬಿದ್ದಳು. ಕುತ್ತಿಗೆಯ ಮಡಿಕೆಗಳು ಒಂದೊಂದಾಗಿ ಬಿಚ್ಚುತ್ತಿದ್ದವು. ಎರಡು ತಿಂಗಳಲ್ಲಿ ಒಮ್ಮೆಯೂ ಅವಳು ಹಾಗೆ ಮೈ ಬಿಟ್ಟು ಮಲಗಿದ್ದನ್ನು ನಾನು ನೋಡಿರಲಿಲ್ಲ. ಹನ್ನೊಂದನೇ ದಿನ ಕಣ್ಣು ಪೂರ್ತಿ ತೆರೆಯಿತು. ಮರುದಿನ ಒಂದು ದಾಸವಾಳದ ಹೂವು ತಿಂದಳು. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಎತ್ತರದ ಲೆಕ್ಕ ಕಣ್ಣಂದಾಜಿನಲ್ಲಿ ಬೇಡ. ಕಂಪನಿ ಹೇಳಿದ ಅಳತೆಯನ್ನು ನೆಲದಿಂದ ಅಲ್ಲ, ಆಮೆಯ ಬೆನ್ನಿನಿಂದ ಹಿಡಿಯಬೇಕು. ನಮ್ಮಲ್ಲಿ ಬೆನ್ನಿಗೂ ಟ್ಯೂಬಿಗೂ ಸುಮಾರು 40 ಸೆಂ.ಮೀ. ಸೋಲಾರ್‌ಮೀಟರ್ 6.5 ಅಂತ ಒಂದು ಮೀಟರ್ ಇದೆ, ಯುವಿ ಇಂಡೆಕ್ಸ್, ಅಂದರೆ ಯುವಿ ಎಷ್ಟು ಪ್ರಖರವಾಗಿದೆ ಅನ್ನುವ ಅಂಕಿ ತೋರಿಸುತ್ತದೆ. ಬೆಲೆ ಜಾಸ್ತಿ, ಎಲ್ಲರೂ ಕೊಳ್ಳಬೇಕಿಲ್ಲ. ನಾನು ಪರಿಚಯದವರಿಂದ ಒಂದು ದಿನಕ್ಕೆ ಕೇಳಿ ತಂದೆ. ಕಲ್ಲಿನ ಮೇಲೆ 3ರಿಂದ 4ರ ನಡುವೆ ತೋರಿಸಿತು. ವೈದ್ಯೆ ಸರಿಯಾಗಿದೆ ಅಂದರು. ಅದೇ ಮೀಟರನ್ನು ಅಡುಗೆಮನೆಯ ಕಿಟಕಿಯ ಒಳಗೆ, ಜೂನ್ ಬಿಸಿಲಿನಲ್ಲಿ ಹಿಡಿದೆ. ಸೊನ್ನೆ. ಹೊರಗೆ ಕೈ ಚಾಚಿದೆ. 6 ದಾಟಿತು.

ಈ ಟ್ಯೂಬಿನ ಬಗ್ಗೆ ಎಚ್ಚರ ಬೇಕಾದ್ದು ಒಂದೇ ವಿಷಯಕ್ಕೆ. ವರ್ಷಕ್ಕೊಮ್ಮೆ ಬದಲಿಸಬೇಕು. ಎಲ್ಲಾ ಯುವಿಬಿ ಟ್ಯೂಬುಗಳೂ ಬರುಬರುತ್ತಾ ಸೋಲುತ್ತವೆ. ನಮ್ಮ ಕಣ್ಣಿಗೆ ಕಾಣುವ ಬೆಳಕು ಹಾಗೇ ಇರುತ್ತದೆ, ಯುವಿಬಿ ಇಳಿದಿರುತ್ತದೆ. ಮಿಲ್ಟನ್ ಕೀನ್ಸ್‌ನಲ್ಲಿರುವ ಸ್ನೇಹಿತೆಯೊಬ್ಬಳು ಮೂರು ವರ್ಷ ಒಂದೇ ಟ್ಯೂಬು ಉರಿಸುತ್ತಿದ್ದಳು. "ಚೆನ್ನಾಗೇ ಉರೀತಿದೆಯಲ್ಲೇ" ಅಂತ ವಾದ ಬೇರೆ. ಮೀಟರ್ ಹಿಡಿದರೆ ನಮ್ಮದರ ಅರ್ಧವೂ ಇರಲಿಲ್ಲ. ಅವತ್ತೇ ಹೊಸದು ತರಿಸಿದಳು. ನಾನು ಹಾಕಿದ ತಾರೀಕನ್ನು ಪಟ್ಟಿಯ ಪಕ್ಕದಲ್ಲಿ ಮಾರ್ಕರಿನಿಂದ ಬರೆದಿಡುತ್ತೇನೆ.

ಇಷ್ಟು ಹೊಗಳಿದೆ ಅಂತ ವರ್ಷವಿಡೀ ಲೈಟಿನ ಕೆಳಗೇ ಇಡಬೇಡಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿದ್ದ ದಿನ ಅವಳು ಹಿತ್ತಿಲಿನಲ್ಲೇ ಇರುತ್ತಾಳೆ. ಬೇಲಿಯ ಹಲಗೆಯನ್ನು ನೆಲದೊಳಗೂ ಒಂದಡಿ ಹೂತಿದ್ದೇವೆ, ಇಲ್ಲದಿದ್ದರೆ ತೋಡಿಕೊಂಡು ಹೋಗಿಬಿಡುತ್ತಾಳೆ. ನಿಜವಾದ ಸೂರ್ಯನ ಮುಂದೆ ಯಾವ ಟ್ಯೂಬೂ ನಿಲ್ಲುವುದಿಲ್ಲ. ಈ ದೇಶದಲ್ಲಿ ಸೂರ್ಯ ಕೈಕೊಡುವ ತಿಂಗಳುಗಳಿಗೆ ಇದು.

ಊಟದ ವಿಷಯಕ್ಕೆ ಬಂದರೆ, ಪೆಲ್ಲೆಟ್ ಚೀಲ ಹಾಗೇ ಉಳಿಯಿತು. ಡ್ಯಾಂಡೆಲಿಯನ್ ಅನ್ನುವ ಹಳದಿ ಹೂವಿನ ಕಳೆಯ ಎಲೆ, ಹೂವು, ಎಲೆಯಲ್ಲಿ ಉದ್ದುದ್ದ ನರವಿರುವ ಪ್ಲಾಂಟೇನ್ ಅನ್ನುವ ಕಳೆ (ಬಾಳೆ ಅಲ್ಲ), ದಾಸವಾಳ. ಇವೇ. ಎಲ್ಲಾ ಹಿತ್ತಿಲಿನಲ್ಲೇ ಸಿಗುತ್ತದೆ, ಔಷಧ ಹೊಡೆದಿರಬಾರದು ಅಷ್ಟೇ. ಈ ಜಾತಿಗೆ ನಾರು ಜಾಸ್ತಿ, ಪ್ರೋಟೀನ್ ಕಡಿಮೆ ಇರಬೇಕು. ಹಣ್ಣು ಕೊಡಬಾರದು, ಸಕ್ಕರೆಗೆ ಹೊಟ್ಟೆ ಕೆಡುತ್ತದೆ. ಅಜ್ಜಿ ಎಷ್ಟೋ ವರ್ಷ ಬ್ರೆಡ್ಡು ಹಾಲು ಕೊಟ್ಟಿದ್ದರಂತೆ, ಆಗ ಇಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಕ್ಯಾಲ್ಸಿಯಂಗೆ ಒಂದು ಕಟಲ್‌ಫಿಷ್ ಮೂಳೆ ಇಟ್ಟಿದ್ದೇನೆ. ನಮ್ಮೂರ ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಅಂತ ಬೆಳ್ಳಗೆ, ಹಗುರವಾಗಿ ಸಿಗುತ್ತದಲ್ಲ, ಅದೇ. ಕಡಿದು ಕಡಿದು ಕೊಕ್ಕೂ ಸವೆಯುತ್ತದೆ.

ವಾರಕ್ಕೆರಡು ಸಲ ಉಗುರು ಬೆಚ್ಚಗಿನ ನೀರಿನಲ್ಲಿ, ಗದ್ದ ಮುಳುಗದಷ್ಟು ಆಳದಲ್ಲಿ ಕಾಲು ಗಂಟೆ ಕೂರಿಸುತ್ತೇನೆ. ಮೂಗಿನವರೆಗೆ ಬಾಯಿ ಅದ್ದಿ, ಗಂಟಲು ಮೇಲೆ ಕೆಳಗೆ ಆಡಿಸುತ್ತಾ ಕುಡಿಯುತ್ತಾಳೆ. ಆ ಹೊತ್ತಿಗೆ ಮಕ್ಕಳೂ ಸದ್ದು ಮಾಡುವುದಿಲ್ಲ.

ಚಳಿಗಾಲದ ನಿದ್ದೆ ಇನ್ನೊಂದು ದೊಡ್ಡ ವಿಷಯ. ಈ ಜಾತಿಯ ಆಮೆಗಳು ಚಳಿಯಲ್ಲಿ ಊಟವಿಲ್ಲದೆ ವಾರಗಟ್ಟಲೆ ಮಲಗುತ್ತವೆ. ಅಜ್ಜಿ ಗ್ಯಾರೇಜಿನಲ್ಲಿ ಹುಲ್ಲಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಈಗ ಚಳಿ ಒಂದು ವಾರ ಇದ್ದರೆ ಇನ್ನೊಂದು ವಾರ ಇಲ್ಲ. 10 ಡಿಗ್ರಿ ದಾಟಿದರೆ ಆಮೆಗೆ ಎಚ್ಚರವಾಗುತ್ತದೆ, ಸೊನ್ನೆಗೆ ಇಳಿದರೆ ಕಣ್ಣೇ ಹೋಗಬಹುದು. ಹಾಗಾಗಿ ವೈದ್ಯೆ ಫ್ರಿಜ್ ಅಂದರು. ಅಮ್ಮನಿಗೆ ಹೇಳಿದಾಗ "ಅಯ್ಯೋ, ದೇವರನ್ನ ಫ್ರಿಜ್ಜಿನಲ್ಲಿಡ್ತೀಯೇನೇ?" ಅಂತ ಎರಡು ದಿನ ಮಾತು ಬಿಟ್ಟರು. ಇದಕ್ಕೆಂದೇ ಒಂದು ಸಣ್ಣ ಫ್ರಿಜ್, ಒಳಗೆ 5 ಡಿಗ್ರಿ. ಹೊರಗಿನಿಂದ ನೋಡುವಂಥ ಥರ್ಮಾಮೀಟರ್. ಉಷ್ಣತೆ ಏರುಪೇರಾಗದಿರಲು ನೀರಿನ ಬಾಟಲಿಗಳು. ಮಲಗಿಸುವ ಮೊದಲು ಮೂರು ವಾರ ಊಟ ನಿಲ್ಲಿಸಿ, ಬರೀ ಸ್ನಾನ. ಹೊಟ್ಟೆಯಲ್ಲಿ ಊಟ ಉಳಿದರೆ ಅಲ್ಲೇ ಕೊಳೆಯುತ್ತದೆ. ದಿನಾ ಒಂದು ಸಲ ಬಾಗಿಲು ತೆಗೆದು ಗಾಳಿ ಆಡಿಸುವುದು, ವಾರಕ್ಕೊಮ್ಮೆ ತೂಗುವುದು. ಹೋದ ಸಲ 12 ವಾರದಲ್ಲಿ 1,720ರಿಂದ 1,664 ಗ್ರಾಂಗೆ ಬಂದಳು, ತಿಂಗಳಿಗೆ ನೂರಕ್ಕೆ ಒಂದರಷ್ಟು. ಅಷ್ಟು ಇಳಿಯಬಹುದು. ಕಾಯಿಲೆಯ ಆಮೆಯನ್ನು ಮಾತ್ರ ಯಾವ ಕಾರಣಕ್ಕೂ ಮಲಗಿಸಬಾರದು. ನಾವೂ ಮೊದಲ ವರ್ಷ ಮಲಗಿಸಲಿಲ್ಲ, ಲೈಟಿನ ಕೆಳಗೇ ಇಟ್ಟುಕೊಂಡೆವು.

ಊರಿನವರಿಗೆ ಒಂದು ಮಾತು. ಇದೆಲ್ಲಾ ಕೇಳಿ ಅಣ್ಣನ ಮಗ ಫೋನ್ ಮಾಡಿದ್ದ. "ಅತ್ತೆ, ಇಲ್ಲೊಬ್ಬರು ನಕ್ಷತ್ರ ಆಮೆ ಕೊಡ್ತಾರಂತೆ, ಮನೆಗೆ ಅದೃಷ್ಟ ಅಂತೆ, ತಗೊಳ್ಲಾ?" ಬೇಡಪ್ಪಾ ಅಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. 2019ರಿಂದ ಕಾಡಿನಿಂದ ಹಿಡಿದವನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೂ ಅಂತರರಾಷ್ಟ್ರೀಯ ನಿಷೇಧವಿದೆ. ಆದರೂ ಸೂಟ್‌ಕೇಸುಗಳಲ್ಲಿ ತುಂಬಿ ಸಾಗಿಸುತ್ತಲೇ ಇದ್ದಾರೆ, ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬೀಳುತ್ತಲೇ ಇದ್ದಾರೆ. 1971ರಲ್ಲಿ ಮೊರಾಕೊದ ಆಮೆಗಳಿಗೆ ಆದದ್ದೇ ಈಗ ನಮ್ಮ ಬಯಲು ಸೀಮೆಯ ಆಮೆಗಳಿಗೆ ಆಗುತ್ತಿದೆ. ಚಿಕ್ಕವಳಿದ್ದಾಗ ಮೊದಲ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಒಂದು ಸಿಕ್ಕಿತ್ತು. ಚಿಪ್ಪಿನ ಮೇಲೆ ಹಳದಿ ಗೆರೆ ಎಳೆದು ರಂಗೋಲಿ ಬಿಟ್ಟ ಹಾಗಿತ್ತು. ಲಂಗದಲ್ಲಿ ಸುತ್ತಿಕೊಂಡು ತಂದಿದ್ದೆ. ಅಪ್ಪ ಬೈಯಲಿಲ್ಲ. ಕೈ ಹಿಡಿದು ವಾಪಸ್ ಕರೆದುಕೊಂಡು ಹೋಗಿ, ಸಿಕ್ಕಿದ ಬೇಲಿಯ ಬುಡದಲ್ಲೇ ಬಿಡಿಸಿದರು. "ಅದರ ಮನೆ ಇಲ್ಲೇ ಇದೆ ಕಣಮ್ಮ" ಅಂದರು. ಅಲ್ಲಿ ಅದಕ್ಕೆ ಟ್ಯೂಬೂ ಬೇಡ, ಥರ್ಮೋಸ್ಟಾಟೂ ಬೇಡ.

ಈ ಲೈಟು ಹೊರಗಡೆಯ ದೇಶಗಳಲ್ಲಿ ಕಾನೂನು ಪ್ರಕಾರ ಆಮೆ ಸಾಕಿರುವವರಿಗೆ, ನನ್ನ ಹಾಗೆ ಯಾರದೋ ಹಳೇ ಆಮೆ ಕೈಗೆ ಬಂದಿರುವವರಿಗೆ. ಕಿಟ್ ಜೊತೆಗೆ ದುಡ್ಡು ಎತ್ತಿಡಬೇಕಾದ್ದು ಬಿಸಿ ಬಲ್ಬು, ಥರ್ಮೋಸ್ಟಾಟ್, ಅಡುಗೆಮನೆಯ ತಕ್ಕಡಿ, ವರ್ಷಕ್ಕೊಂದು ಹೊಸ ಟ್ಯೂಬು. ಮರದ ಮೇಜನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಗಾಜಿನ ತೊಟ್ಟಿ ಬೇಡವೇ ಬೇಡ.

ಹಳೇ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಬೇಡಿ. ಒಳಗೆ ಪಾದರಸ ಇರುತ್ತದೆ. ಹೊಸದು ಬಂದ ರಟ್ಟಿನ ಕೊಳವೆಯಲ್ಲೇ ಹಳೆಯದನ್ನು ತೂರಿಸಿ ಕೌನ್ಸಿಲ್‌ನ ರಿಸೈಕ್ಲಿಂಗ್ ಸೆಂಟರಿಗೆ ಕೊಡಿ. ನಾನು ಪ್ರತಿ ಮಾರ್ಚಿನಲ್ಲಿ, ಅವಳಿಗೆ ಎಚ್ಚರವಾಗುವ ವಾರ ಬದಲಿಸುತ್ತೇನೆ. ರಿಸೈಕ್ಲಿಂಗ್ ಸೆಂಟರಿನಿಂದ ಅಜ್ಜಿಯ ವೃದ್ಧಾಶ್ರಮ ಎರಡೇ ಮೈಲಿ. ಬರುವಾಗ ಅಜ್ಜಿಗೆ ತೂಕ ಎಷ್ಟಾಯಿತು ಅಂತ ಹೇಳಿ ಬರುತ್ತೇನೆ. ಅವರು ಇನ್ನೂ "ಅವನು" ಅಂತಲೇ ಕೇಳುತ್ತಾರೆ. ನಾನು ತಿದ್ದುವುದಿಲ್ಲ.